ಗಮನ ಎಲ್ಲಿದೆ ಮಗು?

“ಏಯ್, ಗಮನ ಎಲ್ಲಿದೆಯೋ ನಿಂಗೆ?”

ಬೆಳಗಿನಿಂದ ರಾತ್ರಿಯೊಳಗೆ ಈ ಮಾತನ್ನು ಒಮ್ಮೆಯಾದರೂ ಆಡದ ತಾಯಿ ಇದ್ದಾಳೆಯೇ? ಹಾಲಿನ ಲೋಟ ಉರುಳಿದಾಗ, ಕೂಡುವ ಲೆಕ್ಕವನ್ನು ಕಳೆದು ಬಂದಾಗ, ಕೂಗಿ ಕೂಗಿ ಗಂಟಲು ಒಣಗಿದರೂ ಮೊಬೈಲಿನಿಂದ ತಲೆ ಎತ್ತದಿದ್ದಾಗ ನಮ್ಮ ಬಾಯಿಂದ ತಾನಾಗಿ ಬರುವುದು ಇದೇ ಮಾತು. ಗಮನ ಕೊಡು ಎಂದು ಬೈಯುತ್ತೇವೆ, ಸರಿ. ಆದರೆ ಗಮನ ಕೊಡುವುದು ಹೇಗೆಂದು ಎಂದಾದರೂ ಹೇಳಿಕೊಟ್ಟಿದ್ದೇವೆಯೇ? ರೊಟ್ಟಿ ತಟ್ಟುವುದನ್ನು ಕಲಿಸುತ್ತೇವೆ, ಚುಕ್ಕಿ ರಂಗೋಲಿ ಕಲಿಸುತ್ತೇವೆ. ಇದನ್ನು ಮಾತ್ರ ಅವರೇ ಕಲಿತುಕೊಳ್ಳಲಿ ಎಂದು ಬಿಟ್ಟುಬಿಡುತ್ತೇವೆ.

ನಾನೂ ಬಿಟ್ಟವಳೇ. ಕಲಿಸಲು ಹೊರಟಾಗ ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಬೆಳಗಿನ ಐದು ಗಂಟೆಯ ಶಿಕ್ಷೆ

ನನ್ನ ತವರು ಜಗಳೂರು, ಕೊಟ್ಟ ಊರು ಚನ್ನಗಿರಿ. ಅಕ್ಕ ಹೊನ್ನಾಳಿಯಲ್ಲಿದ್ದಾಳೆ, ನಾದಿನಿ ನ್ಯಾಮತಿಯಲ್ಲಿ. ಮಗಳು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಮೂರೂ ಊರಿನಿಂದ ಒಂದೇ ಸಮನೆ ಫೋನು: “ಹೆಂಗೆ ಓದ್ತಿದಾಳೆ? ಎಷ್ಟು ಬರಬಹುದು?” ಹುಡುಗಿ ಉಗುರು ಕಚ್ಚಲು ಶುರು ಮಾಡಿದಳು. ತಟ್ಟೆಯಲ್ಲಿ ಅನ್ನ ಹಾಗೇ ಇರುತ್ತಿತ್ತು. ಗಂಟೆಗಟ್ಟಲೆ ಕೂತರೂ ಪುಸ್ತಕದ ಪುಟ ಮಗುಚುತ್ತಿರಲಿಲ್ಲ.

ಆ ಹೊತ್ತಿಗೆ ಪರಿಚಿತರೊಬ್ಬರು ‘ಮೈಂಡ್‌ಫುಲ್‌ನೆಸ್’ ಎಂಬುದರ ವಿಡಿಯೋ ಕಳಿಸಿದರು. ಮಕ್ಕಳ ಏಕಾಗ್ರತೆಗೆ ರಾಮಬಾಣವಂತೆ! ಮಾರನೆಯ ದಿನವೇ ಬೆಳಿಗ್ಗೆ ಐದಕ್ಕೆ ಮಗಳನ್ನು ಎಬ್ಬಿಸಿ, ಚಾಪೆ ಹಾಸಿ, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿಸಿ ಕೂರಿಸಿದೆ. ನಾನು ಎದುರಿಗೆ ಗಡಿಯಾರ ಹಿಡಿದು ನಿಂತೆ. ಐದನೆಯ ದಿನ ಅವಳು ಅತ್ತುಬಿಟ್ಟಳು.

“ಅಮ್ಮಾ, ಕಣ್ಣು ಮುಚ್ಚಿದ್ರೆ ಬರೀ ಮಾರ್ಕ್ಸೇ ಕಾಣುತ್ತೆ. ನೀನು ಎದುರಿಗೆ ನಿಂತಿರ್ತೀಯಲ್ಲ, ಪರೀಕ್ಷೆ ಹಾಲಲ್ಲಿ ಕೂತಂಗೇ ಆಗುತ್ತೆ.”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳ ಹೆದರಿಕೆ ಇಳಿಸಲು ಹೋಗಿ ಇನ್ನೊಂದು ಹೆದರಿಕೆ ಕಟ್ಟಿದ್ದೆ.

ಇದೇನು ಹೊಸದೇ?

ಹೆಸರು ಕೇಳಿ ಗಾಬರಿಯಾಗಬೇಡಿ. ಈಗ ಏನು ನಡೆಯುತ್ತಿದೆಯೋ ಅದರ ಮೇಲೆ, ಬೈಯದೆ, ಮೆಚ್ಚದೆ, ಮನಸ್ಸಿಡುವುದು. ಇಷ್ಟೇ ಅದರ ಅರ್ಥ. ನಮ್ಮಲ್ಲಿ ಇದಕ್ಕೆ ಸೊಗಸಾದ ಮಾತೊಂದಿದೆ: ಸಾವಧಾನ. ಬುದ್ಧನ ಕಾಲದ ಪಾಲಿ ಭಾಷೆಯಲ್ಲಿ ಅದು ‘ಸತಿ’. ಆ ಪದಕ್ಕೆ 1881ರಲ್ಲಿ ರೈಸ್ ಡೇವಿಡ್ಸ್ ಎಂಬ ವಿದ್ವಾಂಸ ಇಂಗ್ಲಿಷಿನಲ್ಲಿ ಕೊಟ್ಟ ಹೆಸರೇ ಮೈಂಡ್‌ಫುಲ್‌ನೆಸ್. 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಜಿನ್ ಇದನ್ನು ಆಸ್ಪತ್ರೆಗೆ ತಂದು, ವಾಸಿಯಾಗದ ನೋವಿನಿಂದ ನರಳುವವರಿಗೆ ಪಾಠವಾಗಿ ಕಲಿಸತೊಡಗಿದರು. ಅಲ್ಲಿಂದ ಅದು ಶಾಲೆಗಳಿಗೆ ಹಬ್ಬಿತು. ನಮ್ಮ ದೇಶದಲ್ಲೂ 2018ರಲ್ಲಿ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ‘ಹ್ಯಾಪಿನೆಸ್’ ತರಗತಿ ಆರಂಭವಾದಾಗ, ಮೊದಲ ಕೆಲವು ನಿಮಿಷ ಇದಕ್ಕೇ ಮೀಸಲಾಗಿತ್ತು.

ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನೆಡುವ ಅಜ್ಜ, ಜಪಮಣಿ ಎಣಿಸುವ ಅಜ್ಜಿ, ತಸಬೀಹ್ ಹಿಡಿದು ಕೂರುವ ಪಕ್ಕದ ಮನೆಯ ಹಿರಿಯರು, ಇವರನ್ನೆಲ್ಲ ನೋಡಿ ಬೆಳೆದ ನಮಗೆ ಇದು ತೀರ ಅಪರಿಚಿತವೇನಲ್ಲ.

ಹಾಗೆಂದು ಇದು ರಾಮಬಾಣವೂ ಅಲ್ಲ. ಇಂಗ್ಲೆಂಡಿನ ಸಂಶೋಧಕರು 85 ಶಾಲೆಗಳ, 11ರಿಂದ 13 ವರ್ಷದ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ ಪರೀಕ್ಷೆ ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾಠ ಕಲಿತ ಮಕ್ಕಳ ಮನಸ್ಸಿನ ಆರೋಗ್ಯ ಉಳಿದವರಿಗಿಂತ ಮೇಲಾಗಿರಲಿಲ್ಲ! ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿರಲೇ ಇಲ್ಲ. ಆದರೆ ಒಂದು ಮಾತು ನನ್ನ ಕಣ್ಣು ತೆರೆಸಿತು: ಕಲಿತ ಶಿಕ್ಷಕರ ದಣಿವು ಮಾತ್ರ ಕೆಲಕಾಲ ಇಳಿದಿತ್ತಂತೆ. ಅಂದರೆ ಮೊದಲು ಕೂರಬೇಕಾದವರು ಯಾರು? ಮಕ್ಕಳಲ್ಲ, ನಾವು!

ನಾಲ್ಕು ಊರು, ನಾಲ್ಕು ಆಟ

ಗಡಿಯಾರ ಎತ್ತಿಟ್ಟೆ. ಚಾಪೆ ಸುತ್ತಿಟ್ಟೆ. ಅಕ್ಕ, ನಾದಿನಿಯರ ಜೊತೆ ಮಾತಾಡಿ, ಮನೆಯಲ್ಲೇ ಆಗುವಂಥದ್ದನ್ನು ಹುಡುಕಿದೆವು. ನೀವೂ ಮಾಡಿ ನೋಡಿ.

ತುಂಬಿದ ಲೋಟ (5 ವರ್ಷದಿಂದ): ಜಗಳೂರು ಮಳೆ ಕಡಿಮೆಯ ಸೀಮೆ. ನಾವು ಚಿಕ್ಕವರಿದ್ದಾಗ ಅಂಚಿನವರೆಗೆ ತುಂಬಿದ ಚೊಂಬನ್ನು ಹಿತ್ತಲಿನಿಂದ ಒಳಗೆ ತರಬೇಕಿತ್ತು. “ಒಂದು ಹನಿ ಚೆಲ್ಲಿದ್ರೆ ನೋಡು!” ಎನ್ನುತ್ತಿದ್ದಳು ಅವ್ವ. ಆಗ ಬೇರೆ ಯಾವ ಯೋಚನೆಯೂ ತಲೆಗೆ ಬರುತ್ತಿರಲಿಲ್ಲ. ಈಗ ಅದನ್ನೇ ಆಟ ಮಾಡಿ. ಲೋಟದ ತುಂಬ ನೀರು ಕೊಟ್ಟು ಬಾಗಿಲಿನಿಂದ ತುಳಸಿ ಕಟ್ಟೆಯವರೆಗೆ ನಡೆಸಿ. ಚೆಲ್ಲಿದರೆ ನಗಿ, ಬೈಯಬೇಡಿ.

ಐದು ಸದ್ದು (6ರಿಂದ 10 ವರ್ಷ): ಹೊನ್ನಾಳಿಯ ಅಕ್ಕ ಮೊಮ್ಮಗನನ್ನು ಸಂಜೆ ತುಂಗಭದ್ರೆಯ ದಂಡೆಗೆ ಕರೆದೊಯ್ಯುತ್ತಾಳೆ. ಸುಮ್ಮನೆ ಕೂತು ಐದು ಸದ್ದು ಹಿಡಿಯಬೇಕು. ಮೊದಲು ಸೇತುವೆಯ ಮೇಲಿನ ಲಾರಿ, ಆಮೇಲೆ ಹಕ್ಕಿ, ನೀರು, ಗಾಳಿ... ಐದನೆಯದು ಹೆಚ್ಚಾಗಿ ತನ್ನದೇ ಉಸಿರು! ಹೊಳೆ ಇಲ್ಲದವರಿಗೆ ಅಡುಗೆಮನೆಯೇ ಸಾಕು, ಅಲ್ಲೇನು ಸದ್ದಿಗೆ ಬರವೇ?

ಒಂದು ಮಂಡಕ್ಕಿ (10 ವರ್ಷದಿಂದ): ಕಬಾಟ್-ಜಿನ್ ತಮ್ಮ ಪಾಠದಲ್ಲಿ ಒಂದೇ ಒಂದು ಒಣದ್ರಾಕ್ಷಿ ಕೊಟ್ಟು, ನೋಡಿ, ಮೂಸಿ, ಮುಟ್ಟಿ, ನಿಧಾನವಾಗಿ ತಿನ್ನಿಸುತ್ತಿದ್ದರು. ದಾವಣಗೆರೆ ಜಿಲ್ಲೆಯವರಾದ ನಮಗೆ ದ್ರಾಕ್ಷಿ ಯಾಕೆ, ಮಂಡಕ್ಕಿ ಇಲ್ಲವೇ? ನ್ಯಾಮತಿಯ ನಾದಿನಿಯ ಮಗನಿಗೆ ಹದಿಮೂರು. ಮೊಬೈಲ್ ನೋಡದೆ ತುತ್ತು ಇಳಿಯುತ್ತಿರಲಿಲ್ಲ. ಈಗ ಮೊದಲ ಮೂರು ತುತ್ತು ಮಾತ್ರ ಮೊಬೈಲ್ ಇಲ್ಲದೆ ಎಂದು ಒಪ್ಪಂದ. ಅಪ್ಪನ ಮೊಬೈಲೂ ಆಗ ಕಪಾಟಿನ ಮೇಲೆ! ಹಾಗಿಲ್ಲದಿದ್ದರೆ ಹುಡುಗ ಒಪ್ಪುತ್ತಿದ್ದನೇ?

ಉದ್ದ ಉಸಿರು (ಹದಿಹರೆಯದವರಿಗೆ): ಚನ್ನಗಿರಿ ಅಡಿಕೆಯ ಊರು. ಅಡಿಕೆ ಸುಲಿಯುವಾಗ ನಾನೇ ಮೊದಲು ಶುರು ಮಾಡಿದೆ. ಮೂರು ಎಣಿಸುತ್ತ ಉಸಿರು ಒಳಗೆ, ಐದು ಎಣಿಸುತ್ತ ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ಮಗಳನ್ನು ಕರೆಯಲಿಲ್ಲ. ಎರಡು ದಿನ ನೋಡಿ, ಮೂರನೆಯ ದಿನ ಅವಳೇ ಕೇಳಿದಳು: “ಏನು ಎಣಿಸ್ತಿದೀಯ?”

ಉಸಿರಿನ ಜೊತೆಗೆ ಇನ್ನೊಂದು ಸೇರಿಸಿಕೊಂಡೆವು: ಬಂದ ಭಾವನೆಗೆ ಹೆಸರಿಡುವುದು. “ನಾನು ಪುಕ್ಕಲಿ” ಎನ್ನುವುದಕ್ಕೂ “ನನಗೆ ಈಗ ಭಯವಾಗ್ತಿದೆ” ಎನ್ನುವುದಕ್ಕೂ ಅಜಗಜಾಂತರ. ಮೊದಲನೆಯದು ಹಣೆಬರಹ, ಎರಡನೆಯದು ಬಂದು ಹೋಗುವ ಮೋಡ.

ಇಷ್ಟು ನೆನಪಿಡಿ

• ದಿನಕ್ಕೆ ಎರಡು ಮೂರು ನಿಮಿಷ ಸಾಕು. ಒಂದೇ ಹೊತ್ತಿಗೆ, ಮಲಗುವ ಮುಂಚೆಯೋ ಊಟಕ್ಕೆ ಮುಂಚೆಯೋ ಮಾಡಿ.

• ಕಣ್ಣು ಮುಚ್ಚಲೇಬೇಕೆಂದಿಲ್ಲ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದರೇ ಭಯ. ದೀಪವನ್ನೋ ಗಿಡವನ್ನೋ ನೋಡಲಿ.

• ಉಸಿರು ಬಿಗಿಹಿಡಿಸಬೇಡಿ.

• ಮನಸ್ಸು ಓಡಿಹೋದರೆ ತಪ್ಪಲ್ಲ. ಓಡಿದ್ದು ಗೊತ್ತಾಗಿ ವಾಪಸು ಕರೆತರುವುದೇ ಅಭ್ಯಾಸ.

• ಶಿಕ್ಷೆಯಾಗಿ ಬಳಸಲೇಬೇಡಿ. “ಹೋಗು, ಧ್ಯಾನ ಮಾಡು!” ಎಂದು ಗದರಿದರೆ ಅಲ್ಲಿಗೆ ಮುಗಿಯಿತು.

• ಅಂಕದ ಜೊತೆ ಗಂಟು ಹಾಕಬೇಡಿ.

ಇದು ಸಾಲದೆ ಹೋದಾಗ

ಊಟ, ನಿದ್ದೆ ಎರಡು ವಾರವಾದರೂ ಸರಿಹೋಗದಿದ್ದರೆ, ಮಗು ಎಲ್ಲರಿಂದ ದೂರ ಸರಿದರೆ, “ನಾನು ಇರಬಾರದಿತ್ತು” ಎಂಬ ಮಾತು ಒಮ್ಮೆ ಬಂದರೂ, ಉಸಿರಾಟದ ಆಟ ನಂಬಿ ಕೂರಬೇಡಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ‘ನಾಲ್ಕು ಜನ ಏನಂದಾರು’ ಎಂದು ಹಿಂಜರಿಯಬೇಡಿ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ? ಇದೂ ಹಾಗೆಯೇ.

ಕೊನೆಗೆ ಪರೀಕ್ಷೆಯ ಮಾತು. ಗಣಿತದ ಪತ್ರಿಕೆಯ ದಿನ ಶಾಲೆಯ ಗೇಟಿನಲ್ಲಿ ಕಾಯುತ್ತಿದ್ದೆ. ಎಷ್ಟು ಬರುತ್ತೆ ಎಂದು ಕೇಳಬಾರದೆಂದು ತುಟಿ ಕಚ್ಚಿಕೊಂಡಿದ್ದೆ. ಅವಳೇ ಹೇಳಿದಳು: “ಎರಡನೇ ಪ್ರಶ್ನೆ ನೋಡಿ ಎದೆ ಡವಡವ ಅಂತು ಅಮ್ಮ. ಪಾದ ನೆಲಕ್ಕೆ ಊರಿ ಮೂರು ಸಲ ಉಸಿರು ಬಿಟ್ಟೆ. ಆಮೇಲೆ ಬರೆದೆ.” ಅಂಕ ಎಷ್ಟು ಬಂತೆಂದು ನೀವೂ ಕೇಳಬೇಡಿ. ಆ ದಿನ ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡಳು, ನನಗೆ ಅಷ್ಟು ಸಾಕಾಗಿತ್ತು.

ಅಂದು ಸಂಜೆ ಅವಳ ಪಿಯುಸಿ, ಕಾಲೇಜು, ಫೀಜು ಎಂದು ಯೋಚಿಸುತ್ತ ಒಲೆಯ ಮುಂದೆ ನಿಂತಿದ್ದೆ. ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ಹಿಂದಿನಿಂದ ನಗು ಕೇಳಿಸಿತು.

“ಅಮ್ಮಾ, ಗಮನ ಎಲ್ಲಿದೆ ನಿಂಗೆ?”