ಆಂಗ್ಲ ವಾಕ್ಯದಲ್ಲಿ ‘ಹೂ’, ‘ಎ’ ಮತ್ತು ‘ದಿ’

ತುರುವನೂರಿನ ಗೃಹಸ್ಥರೊಬ್ಬರು ಒಂದು ಸಂಜೆ ನಮ್ಮ ಮನೆಗೆ ಬಂದು, ಇಂಗ್ಲಿಷಿನಲ್ಲಿ ಅರ್ಜಿಯೊಂದನ್ನು ಬರೆದುಕೊಡಬೇಕೆಂದು ಕೇಳಿದರು. ಸ್ವರ್ಗಸ್ಥರಾದ ಅವರ ತಂದೆಯವರು ಹೊರ ಪ್ರಾಂತದ ಕಚೇರಿಯೊಂದರಲ್ಲಿ ಇರಿಸಿದ್ದ ಠೇವಣಿಯನ್ನು ಪಡೆಯಬೇಕಾಗಿತ್ತು. ಆ ವರ್ಷದ ಶೇಂಗಾ ಬೀಜಕ್ಕೆ ಆ ಹಣವೇ ಆಧಾರ. ಅವರಿಗಿದ್ದವನು ಒಬ್ಬನೇ ತಮ್ಮ, ಚಿತ್ರದುರ್ಗದ ವಾಸಿ, ಅವನ ಒಪ್ಪಿಗೆಯೂ ದೊರೆತಿತ್ತು. ನಾವು ‘ಮೈ ಬ್ರದರ್ ಹೂ ಲಿವ್ಸ್ ಇನ್ ಚಿತ್ರದುರ್ಗ ಹ್ಯಾಸ್ ಗಿವನ್ ಹಿಸ್ ಕನ್ಸೆಂಟ್’ ಎಂದು ಬರೆದುಕೊಟ್ಟೆವು.

ಕೆಲವು ವಾರಗಳ ಮೇಲೆ ಉತ್ತರ ಬಂದಿತು: ಉಳಿದ ಸೋದರರ ಒಪ್ಪಿಗೆಯನ್ನೂ ಕಳುಹಿಸತಕ್ಕದ್ದು!

‘ಮೇಷ್ಟ್ರೇ, ನನಗಿರುವವನು ಒಬ್ಬನೇ ತಮ್ಮ. ನಿಮ್ಮ ಇಂಗ್ಲಿಷು ಇನ್ನೆಷ್ಟು ಜನರನ್ನು ಹುಟ್ಟಿಸಿತು?’ ಎಂದು ಗೃಹಸ್ಥರು ಕೇಳಿದರು. ನಾವು ಪ್ರತಿಯನ್ನು ತೆಗೆದು ಓದಿ ನಾಚಿದೆವು. ತಪ್ಪು ಕಚೇರಿಯದಲ್ಲ, ನಮ್ಮದೇ. ಎರಡು ಅಲ್ಪವಿರಾಮಗಳನ್ನು ಬಿಟ್ಟಿದ್ದೆವು.

ಅಲ್ಪವಿರಾಮವಿಲ್ಲದ ‘ಹೂ’ ಉಪವಾಕ್ಯವು ಹಲವರಲ್ಲಿ ಒಬ್ಬನನ್ನು ಆರಿಸಿ ತೋರಿಸುತ್ತದೆ: ‘ನನ್ನ ಸೋದರರಲ್ಲಿ ಚಿತ್ರದುರ್ಗದಲ್ಲಿರುವವನು’. ಎರಡು ಕಡೆಯೂ ಅಲ್ಪವಿರಾಮವಿದ್ದರೆ ಅದು ಗೊತ್ತಾದವನ ವಿಷಯದಲ್ಲಿ ಒಂದು ಹೆಚ್ಚಿನ ಮಾತು ಮಾತ್ರ. ಅಂಕಿತನಾಮವು ತಾನಾಗಿಯೇ ಗೊತ್ತಾದುದು, ಆದುದರಿಂದ ‘ಎಸ್. ನಿಜಲಿಂಗಪ್ಪ, ಹೂ ಬಿಕೇಮ್ ಚೀಫ್ ಮಿನಿಸ್ಟರ್ ಇನ್ 1956, ಲೆಡ್ ದಿ ಸತ್ಯಾಗ್ರಹ ಅಟ್ ತುರುವನೂರು ಇನ್ 1939’ ಎಂಬಲ್ಲಿ ವಿರಾಮಗಳು ಇರಲೇಬೇಕು.

ನಾವು ಎಡವುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಈ ಕೆಲಸವನ್ನು ಕೃದಂತವು ಮಾಡುತ್ತದೆ. ‘ನೋಡಿದ ಹುಡುಗ’ ಎಂದರೆ ನೋಡಿದವನೂ ಆಗಬಹುದು, ನೋಡಲ್ಪಟ್ಟವನೂ ಆಗಬಹುದು. ಸಂದರ್ಭವೇ ಅರ್ಥವನ್ನು ಹೇಳಬೇಕು. ಇಂಗ್ಲಿಷು ಮೊದಲನೆಯವನಿಗೆ ‘ಹೂ’, ಎರಡನೆಯವನಿಗೆ ‘ಹೂಮ್’ ಎಂದು ವಿಂಗಡಿಸುತ್ತದೆ. ಸಂಸ್ಕೃತದಲ್ಲಿ ‘ಯತ್’ ಬಂದರೆ ‘ತತ್’ ಬರಬೇಕು. ‘ಯಾವನನ್ನು ನೋಡಿದೆನೋ ಅವನು ಬಂದನು’ ಎಂಬುದು ಆ ಮಾದರಿ. ಈ ಅಭ್ಯಾಸದಿಂದಲೇ ನಮ್ಮ ಮಕ್ಕಳು ‘ದಿ ಬಾಯ್ ಹೂಮ್ ಐ ಸಾ, ಹೀ ಕೇಮ್’ ಎಂದು ಬರೆಯುವರು. ಇಂಗ್ಲಿಷಿನಲ್ಲಿ ಆ ‘ಹೀ’ ಬೇಡ.

ಇನ್ನು ‘ಎ’, ‘ದಿ’ಗಳ ವಿಚಾರ. ಇವು ನಮ್ಮಲ್ಲಿ ಇಲ್ಲವೆಂದು ಹೆದರಬೇಕಾದುದಿಲ್ಲ. ಅಜ್ಜಿಯ ಕಥೆಯನ್ನು ನೆನೆಯಿರಿ: ‘ಒಂದೂರಿನಲ್ಲಿ ಒಬ್ಬ ರಾಜನಿದ್ದನು. ಆ ರಾಜನಿಗೆ ಮಕ್ಕಳಿರಲಿಲ್ಲ.’ ಕೇಳುವವರಿಗೆ ಹೊಸಬನಾದ ‘ಒಬ್ಬ ರಾಜ’ನೇ ‘ಎ ಕಿಂಗ್’. ಪರಿಚಿತನಾದ ‘ಆ ರಾಜ’ನೇ ‘ದಿ ಕಿಂಗ್’. ‘ಪುಸ್ತಕ ತಾ’ ಎಂದರೆ ಯಾವುದಾದರೂ ಸರಿ. ‘ಪುಸ್ತಕವನ್ನು ತಾ’ ಎಂದರೆ ಇಬ್ಬರಿಗೂ ತಿಳಿದ ಪುಸ್ತಕವೆಂಬ ಭಾವವು ಸಾಮಾನ್ಯವಾಗಿ ಬರುತ್ತದೆ. ಊರಿನ ಹೆಸರಿಗೆ ‘ದಿ’ ಸಲ್ಲದು, ನದಿಗೆ ಸಲ್ಲುವುದು: ‘ಚಿತ್ರದುರ್ಗ’, ಆದರೆ ‘ದಿ ವೇದಾವತಿ’.

‘ಎ’ಯೋ ‘ಆ್ಯನ್’ ಎಂಬುದೋ ಎಂಬ ಸಂದೇಹಕ್ಕೆ ನಮ್ಮ ಲಿಪಿಯೇ ಒಳ್ಳೆಯ ಗುರು. ಶಬ್ದವನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆಯಿರಿ. ‘ಯೂನಿವರ್ಸಿಟಿ’ಯ ಮೊದಲಲ್ಲಿ ಯಕಾರವಿದೆ, ಆದುದರಿಂದ ‘ಎ’. ಗಂಟೆಯೆಂಬ ಅರ್ಥದ ‘ಅವರ್’ ಸ್ವರದಿಂದ ಮೊದಲಾಗುತ್ತದೆ, ಆದುದರಿಂದ ‘ಆ್ಯನ್’. ಇಂಗ್ಲಿಷ್ ಕಾಗುಣಿತವನ್ನು ನಂಬಿದರೆ ಎರಡೂ ತಪ್ಪುವುವು.

ಆ ಅರ್ಜಿಯನ್ನು ತಿದ್ದಿ ಕಳುಹಿಸಿದೆವು. ಹಣವು ಬರುವಷ್ಟರಲ್ಲಿ ಬಿತ್ತನೆಯ ಹದ ಮೀರುವಂತಿದ್ದುದರಿಂದ ಗೃಹಸ್ಥರು ಸಾಲ ಮಾಡಿ ಬೀಜ ತಂದರು. ಅದರ ಬಡ್ಡಿಯನ್ನು ನಾವು ಕೊಡುತ್ತೇವೆಂದರೂ ಅವರು ಒಪ್ಪಲಿಲ್ಲ. ಅಂದಿನಿಂದ ಯಾವ ಕಾಗದವನ್ನು ಬರೆದರೂ, ಪ್ರತಿಯೊಂದು ನಾಮಪದದ ಮುಂದೆ ನಿಂತು ‘ಓದುವವರಿಗೆ ಇದು ಯಾವುದೆಂದು ಗೊತ್ತೆ? ಇಂಥವು ಒಂದೋ, ಹಲವೋ?’ ಎಂದು ಕೇಳಿಕೊಳ್ಳುತ್ತೇವೆ. ವಾಚಕರು ತಮ್ಮ ಮಕ್ಕಳಿಗೂ ಈ ಎರಡು ಪ್ರಶ್ನೆಗಳನ್ನು ಕಲಿಸಿದರೆ ವ್ಯಾಕರಣದ ಬಹುಭಾಗವನ್ನು ಕಲಿಸಿದಂತಾಗುವುದು.