ಮತದ ನಿಜಕ್ಕೆ ಜಯಪತ್ರ ಸಾಕೆ?

ಅಕ್ಕಲಕೋಟೆಯ ನೆರೆಯ ಆಳಂದ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ‘ಅಲಂದೆ ಸಾಸಿರ’ವೆಂಬ ನಾಡಿನ ಮುಖ್ಯ ಊರು. ಹನ್ನೆರಡನೆಯ ಶತಮಾನದಲ್ಲಿ ಆ ಊರಿನ ಪುರುಷೋತ್ತಮ ಭಟ್ಟ ಮತ್ತು ಪದ್ಮಾಂಬಿಕೆಯರಿಗೆ ಹುಟ್ಟಿದ ರಾಮನೆಂಬ ಮಗ ಶಿವನಲ್ಲದೆ ಅನ್ಯದೈವವಿಲ್ಲವೆಂದು ನಂಬಿ ನಡೆದು ಏಕಾಂತದ ರಾಮಯ್ಯನೆನಿಸಿದ. ಕ್ಷೇತ್ರಗಳನ್ನು ಸುತ್ತುತ್ತ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಯ ಸೋಮನಾಥನ ಅಪ್ಪಣೆಯಂತೆ ಅಬ್ಬಲೂರಿಗೆ ಹೋದನೆಂದು ಅಬ್ಬಲೂರಿನ ಶಾಸನವೇ ಹೇಳುತ್ತದೆ. ಹಾವೇರಿ ಜಿಲ್ಲೆಯ ಈ ಸಣ್ಣ ಊರಿನಲ್ಲಿ ನಡೆದುದು ಕನ್ನಡ ನಾಡಿನ ಮತಚರಿತ್ರೆಯಲ್ಲಿಯೇ ಅಪೂರ್ವವಾದ ಸಂಗತಿ. ಒಂದು ಮತ ನಿಜವೆಂಬುದನ್ನು ಎಲ್ಲರ ಕಣ್ಣೆದುರಿನಲ್ಲಿ, ಬರೆದುಕೊಟ್ಟ ಕರಾರಿನ ಮೇಲೆ ಸಿದ್ಧಪಡಿಸಿ ತೋರಿಸುವ ಪ್ರಯತ್ನ ಅಲ್ಲಿ ನಡೆಯಿತು.

ಶಾಸನದ ಕಥನ ಹೀಗಿದೆ. ಊರ ಗೌಡ ಸಂಕಗಾವುಂಡನನ್ನು ಮುಂದಿಟ್ಟುಕೊಂಡ ಜೈನರು ಶಿವಾಲಯದ ಬಳಿಯಲ್ಲಿ ಜಿನನೇ ದೈವವೆಂದು ಘೋಷಿಸಿದರು. ರಾಮಯ್ಯ ತಡೆದ. ಮಾತಿಗೆ ಮಾತು ಬೆಳೆಯಿತು. ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದರೆ ತಮ್ಮ ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸುವುದಾಗಿ ಎದುರಾಳಿಗಳು ಓಲೆಯ ಮೇಲೆ ಬರೆದುಕೊಟ್ಟರು. ರಾಮಯ್ಯ ತಲೆಯನ್ನು ಕತ್ತರಿಸಿಕೊಂಡ. ಏಳು ದಿನಗಳ ತರುವಾಯ ಗಾಯದ ಗುರುತೂ ಇಲ್ಲದೆ ತಲೆ ಮರಳಿ ಕೂಡಿತು. ಆದರೂ ಜೈನರು ಒಪ್ಪಲಿಲ್ಲ. ರಾಮಯ್ಯ ಬಿಂಬವನ್ನು ಒಡೆದ. ದೂರು ಕಳಚುರಿ ಬಿಜ್ಜಳನವರೆಗೆ ಹೋಯಿತು. ರಾಮಯ್ಯ ಓಲೆಯನ್ನು ರಾಜನ ಮುಂದಿಟ್ಟು, ಬಸದಿಗಳನ್ನು ಪಣವಾಗಿಟ್ಟರೆ ಇನ್ನೊಮ್ಮೆ ತಲೆಯನ್ನು ಅರಿದು ತೋರಿಸುವೆನೆಂದ. ಎದುರಾಳಿಗಳು ಹಿಂಜರಿದರು. ಬಿಜ್ಜಳ ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟ. ದೇವಾಲಯಕ್ಕೆ ಊರೊಂದನ್ನು ದತ್ತಿಯಾಗಿ ಬಿಟ್ಟ.

ಈ ಶಾಸನದ ಕಾಲ ಸುಮಾರು 1200. ಬಿಜ್ಜಳನ ಆಳ್ವಿಕೆ ಮುಗಿದು ಮೂರು ದಶಕಗಳು ಕಳೆದಿದ್ದವು. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, 1369ರಲ್ಲಿ ಭೀಮಕವಿ ರಚಿಸಿದ ಅದರ ಕನ್ನಡ ರೂಪದಲ್ಲಿಯೂ ಈ ಕಥೆ ಬರುತ್ತದೆ. ತಲೆ ನಿಜವಾಗಿ ಮರಳಿತೆ ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ ಬದಿಗಿಡುತ್ತಾರೆ. ಅದನ್ನು ಬದಿಗಿಡದೆ, ವಾದಕ್ಕಾಗಿ ಮರಳಿತೆಂದೇ ಒಪ್ಪಿಕೊಂಡು ನೋಡುವುದು ಹೆಚ್ಚು ಉಪಯುಕ್ತ. ಮರಳಿದ್ದರೆ ಅದರಿಂದ ಏನು ಸಿದ್ಧವಾಯಿತು?

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬೇಕಾದರೆ, ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆಂಬ ವ್ಯಾಪ್ತಿ ಮೊದಲೇ ತಿಳಿದಿರಬೇಕೆಂದು ನೈಯಾಯಿಕರು ಹೇಳುತ್ತಾರೆ. ತಲೆ ಕೂಡಿತು, ಆದುದರಿಂದ ಶಿವನೇ ಪರದೈವ ಎನ್ನುವುದಕ್ಕೂ ಅಂತಹ ವ್ಯಾಪ್ತಿ ಬೇಕು: ಯಾರ ಭಕ್ತನಲ್ಲಿ ಪವಾಡ ನಡೆಯುವುದೋ ಅವನ ದೈವವೇ ಪರದೈವ. ಹಾಗೆಂದು ಒಪ್ಪಿದೊಡನೆ ತೊಡಕು ಹುಟ್ಟುತ್ತದೆ. ಪವಾಡದ ಕಥೆಯಿಲ್ಲದ ಮತ ಯಾವುದು? ಜೈನಪುರಾಣಗಳಲ್ಲಿ ಅವು ಕಡಿಮೆಯೇ? ಗಡಿನಾಡಿನ ಯಾವುದೇ ಉರುಸಿಗೆ, ಜಾತ್ರೆಗೆ, ಇಗರ್ಜಿಯ ಹಬ್ಬಕ್ಕೆ ಹೋದರೂ ಬೇನೆ ವಾಸಿಯಾದ ಕಥೆ, ಮಳೆ ಬಂದ ಕಥೆ, ಹಾವಿನ ವಿಷ ಇಳಿದ ಕಥೆಗಳನ್ನು ಕಣ್ಣಾರೆ ಕಂಡವರಂತೆ ಹೇಳುವವರು ಸಿಗುತ್ತಾರೆ. ಒಂದರ ಪವಾಡವನ್ನು ಪ್ರಮಾಣವೆಂದು ಹಿಡಿದು ಇನ್ನೊಂದರದನ್ನು ಕಟ್ಟುಕಥೆಯೆಂದು ತಳ್ಳಬೇಕಾದರೆ, ಯಾವ ಮತ ನಿಜವೆಂಬುದು ಮುಂಚಿತವಾಗಿಯೇ ಗೊತ್ತಿರಬೇಕು. ಗೊತ್ತಿದ್ದರೆ ಪವಾಡದ ಅವಶ್ಯಕತೆಯೇ ಇರದು.

ಅಬ್ಬಲೂರಿಗೆ ಎದುರಾಗಿ ಇನ್ನೊಂದು ಕಲ್ಲಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಪಾರ್ಶ್ವನಾಥ ಬಸದಿಯ ಕಂಬದ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಹಿಮಶೀತಲನ ಸಭೆಯಲ್ಲಿ ಅಕಳಂಕದೇವ ಬೌದ್ಧರನ್ನು ಗೆದ್ದ ಪ್ರಸಂಗ ಅದರಲ್ಲಿ ಬರುತ್ತದೆ. ಬೌದ್ಧರ ದೇವತೆ ತಾರೆ ಗಡಿಗೆಯೊಳಗೆ ಅಡಗಿದ್ದಳೆಂದೂ ಅಕಳಂಕ ಅವಳನ್ನು ಸೋಲಿಸಿದನೆಂದೂ ಕಥೆ. ಅದೇ ಪ್ರಶಸ್ತಿಯಲ್ಲಿ ಸಮಂತಭದ್ರ ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿಗಳಲ್ಲಿ ವಾದದ ಭೇರಿಯನ್ನು ಹೊಡೆದು ಕರಹಾಟಕಕ್ಕೆ ಬಂದ ಮಾತಿದೆ. ಈ ಕರಹಾಟಕವೇ ಇಂದಿನ ಮಹಾರಾಷ್ಟ್ರದ ಕರಾಡ. ಇಲ್ಲಿ ಜೈನರ ಗೆಲುವು ಕಲ್ಲಾಗಿದೆ, ಅಲ್ಲಿ ಜೈನರ ಸೋಲು ಕಲ್ಲಾಗಿದೆ. ಎರಡನ್ನೂ ಬರೆಸಿದವರು ಗೆದ್ದವರೇ. ಸೋತವರು ಕಂಡ ಅಬ್ಬಲೂರು ಹೇಗಿತ್ತೆಂಬುದಕ್ಕೆ ಆ ಊರಿನ ಶಾಸನದಲ್ಲಿ ಸ್ಥಳವಿಲ್ಲ. ಗೆಲುವೇ ನಿಜದ ಕುರುಹಾದರೆ, ಜೈನಮತ ಚಿಕ್ಕಬೆಟ್ಟದಲ್ಲಿ ನಿಜವಾಗಿದ್ದು ಅಬ್ಬಲೂರಿನಲ್ಲಿ ಸುಳ್ಳಾಯಿತೆಂದು ಹೇಳಬೇಕಾಗುತ್ತದೆ.

ಪವಾಡವನ್ನು ಬಿಟ್ಟು ಆಗಮವನ್ನೇ ಹಿಡಿದವರ ಪಾಡೂ ಸುಲಭವಾಗಿರಲಿಲ್ಲ. ಶಾಸ್ತ್ರ ಏಕೆ ಪ್ರಮಾಣ? ಸರ್ವಜ್ಞ ಹೇಳಿದುದರಿಂದ. ಅವನು ಸರ್ವಜ್ಞನೆಂದು ಹೇಗೆ ತಿಳಿಯಿತು? ಶಾಸ್ತ್ರವೇ ಹೇಳುತ್ತದೆ. ಈ ಸುತ್ತಿನ ದೋಷವನ್ನು ಮೀಮಾಂಸಕರು ತೀಕ್ಷ್ಣವಾಗಿ ತೋರಿಸಿದರು. ಬುದ್ಧನು ಸರ್ವಜ್ಞನಾದರೆ ಕಪಿಲನು ಅಲ್ಲವೆನ್ನಲು ಆಧಾರವೇನು, ಇಬ್ಬರೂ ಸರ್ವಜ್ಞರಾದರೆ ಅವರಲ್ಲಿ ಮತಭೇದವೇಕೆ ಎಂಬ ಪ್ರಶ್ನೆ ಕುಮಾರಿಲಭಟ್ಟರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದಕ್ಕೆ ಇಂದಿಗೂ ನೇರವಾದ ಉತ್ತರ ಸಿಕ್ಕಿಲ್ಲವೆಂದರೆ ಅತಿಶಯೋಕ್ತಿಯಾಗದು. ಆದರೆ ಮೀಮಾಂಸಕರ ಸ್ವಂತ ಪರಿಹಾರವೂ ಎದುರಾಳಿಗಳಿಗೆ ಹಿಡಿಸಲಿಲ್ಲ. ವೇದಕ್ಕೆ ಕರ್ತೃವಿಲ್ಲ, ಕರ್ತೃವಿಲ್ಲದುದರಿಂದ ಕರ್ತೃವಿನ ದೋಷಗಳೂ ಇಲ್ಲವೆಂದರು ಅವರು. ಹೇಳುವವನೇ ಇಲ್ಲದ ಮಾತಿಗೆ ದೋಷವಿಲ್ಲದಂತೆ ಗುಣವೂ ಇರದಲ್ಲ ಎಂದು ಬೌದ್ಧರೂ ಜೈನರೂ ಮರುನುಡಿದರು.

ಭಾರತೀಯ ತರ್ಕದಲ್ಲಿ ‘ಉಭಯಸಿದ್ಧ’ವೆಂಬ ಒಂದು ಮಾತಿದೆ. ವಾದಿ ಕೊಡುವ ಹೇತುವೂ ದೃಷ್ಟಾಂತವೂ ವಾದಿಗಷ್ಟೇ ಅಲ್ಲ, ಪ್ರತಿವಾದಿಗೂ ಒಪ್ಪಿತವಾಗಿರಬೇಕು. ಇಲ್ಲವಾದರೆ ಅನುಮಾನ ಮುಂದೆ ಸಾಗದು. ಮತದ ನಿಜವನ್ನು ಸಾಧಿಸುವ ಪ್ರಯತ್ನಗಳು ಬಹುಮಟ್ಟಿಗೆ ಎಡವುವುದು ಇಲ್ಲಿಯೇ. ಮತವೊಂದರ ಎಲ್ಲ ಮಾತುಗಳೂ ಪರೀಕ್ಷೆಗೆ ಹೊರತಾದವೆಂದು ಇದರ ಅರ್ಥವಲ್ಲ. ಯಾವ ಅರಸನ ಕಾಲದಲ್ಲಿ ಗುಡಿ ಕಟ್ಟಲಾಯಿತು, ಗ್ರಂಥದ ಯಾವ ಭಾಗ ಹಿಂದಿನದು, ಒಂದು ವಚನ ಇನ್ನೊಂದಕ್ಕೆ ವಿರುದ್ಧವೇ ಎಂಬುವನ್ನು ನಂಬುವವನೂ ನಂಬದವನೂ ಒಂದೇ ಮೇಜಿನ ಎದುರು ಕುಳಿತು ತೀರ್ಮಾನಿಸಬಹುದು. ಮೋಕ್ಷ, ಕರ್ಮ, ಸೃಷ್ಟಿಕರ್ತ ಎನ್ನುವಲ್ಲಿಗೆ ಬಂದಾಗ ಇಬ್ಬರಿಗೂ ಸಮ್ಮತವಾದ ನೆಲ ಕಾಲಡಿಯಿಂದ ಸರಿಯುತ್ತದೆ. ಅಬ್ಬಲೂರಿನ ಓಲೆ ಆ ಕೊರತೆಯನ್ನು ತುಂಬಲು ಹೊರಟ ಕರಾರು. ಇದು ನಡೆದರೆ ಸೋತೆವೆಂದು ಮೊದಲೇ ಒಪ್ಪಿಸಿಕೊಳ್ಳುವ ಉಪಾಯ. ಆದರೂ ಆದದ್ದೇನು? ಬರೆದುಕೊಟ್ಟವರೇ ಒಪ್ಪಲಿಲ್ಲ, ಬಿಂಬ ಒಡೆಯಿತು, ಕೊನೆಗೆ ಮುದ್ರೆ ಒತ್ತಿದುದು ಅರಸು. ಜಯಪತ್ರದಿಂದ ಸಿದ್ಧವಾದುದು ಬಿಜ್ಜಳನ ನಿರ್ಣಯ ಮಾತ್ರ.

ಇದನ್ನು ಓದಿ ಎಲ್ಲ ಮತಗಳೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುವವರೂ ಉಂಟು. ಸಭೆಗಳಲ್ಲಿ ಚಪ್ಪಾಳೆ ಬೀಳುವ ಮಾತು ಅದು. ಆದರೆ ವಿಚಾರಕ್ಕೆ ನಿಲ್ಲದು. ಜಗತ್ತಿಗೆ ಕರ್ತೃವಿದ್ದಾನೆಂದು ಶೈವ ಹೇಳುತ್ತಾನೆ, ಇಲ್ಲವೆಂದು ಜೈನ ಹೇಳುತ್ತಾನೆ. ಒಂದೇ ಅರ್ಥದಲ್ಲಿ ಇಬ್ಬರ ಮಾತೂ ನಿಜವಾಗಲಾರದು. ಒಂದನ್ನು ಸಿದ್ಧಪಡಿಸಲಾಗದೆಂಬುದರಿಂದ ಎರಡೂ ಸಮವೆಂಬುದು ಸಿದ್ಧವಾಗುವುದಿಲ್ಲ. ಎರಡೂ ಸುಳ್ಳೆಂಬುದೂ ಸಿದ್ಧವಾಗುವುದಿಲ್ಲ. ಜೈನರ ಅನೇಕಾಂತವಾದ ಈ ಇಕ್ಕಟ್ಟಿನಲ್ಲಿ ಬಹುದೂರ ಸಾಗಿದ ದರ್ಶನ. ಪ್ರತಿಯೊಂದು ಮಾತೂ ಒಂದು ನಯದಿಂದ, ಒಂದು ದೃಷ್ಟಿಯಿಂದ ನಿಜವೆಂದು ಅದು ಹೇಳುತ್ತದೆ. ಹಾಗಾದರೆ ಆ ವಾದವೂ ಒಂದು ದೃಷ್ಟಿಯಿಂದ ಮಾತ್ರ ನಿಜವೇ? ಅನೇಕಾಂತವೂ ಅನೇಕಾಂತಕ್ಕೆ ಒಳಪಟ್ಟಿದೆಯೆಂದು ಸಮಂತಭದ್ರ ತನ್ನ ಸ್ವಯಂಭೂಸ್ತೋತ್ರದಲ್ಲಿ ಒಪ್ಪಿಕೊಂಡ. ಊರೂರಿನಲ್ಲಿ ವಾದದ ಭೇರಿ ಹೊಡೆದವನೆಂದು ಪ್ರಶಸ್ತಿ ಹೊಗಳಿದ ಅದೇ ಸಮಂತಭದ್ರ.

ನಿಜವೆಂದು ಸಿದ್ಧಪಡಿಸಲಾಗದ ಎರಡು ಮತಗಳು ಒಂದೇ ಊರಿನಲ್ಲಿ ಬಾಳಬೇಕಾದಾಗ ಅರಸನಾದವನು ಏನು ಮಾಡಬೇಕು? ಇದಕ್ಕೆ 1368ರ ಶ್ರವಣಬೆಳಗೊಳದ ಶಾಸನ ಸಾಕ್ಷಿ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಜೈನರು ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಿಗೆ ದೂರಿತ್ತರು. ಪೆನುಗೊಂಡೆ ಇಂದು ಆಂಧ್ರದಲ್ಲಿ ಮಡಕಶಿರದ ಸೀಮೆಗೆ ಹೊಂದಿಕೊಂಡಿದೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಕರೆಯಿಸಿ, ಜೈನರ ಕೈಗಳನ್ನು ಅವರ ಕೈಗಳಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಬುಕ್ಕ ಹೇಳಿದ. ಪಂಚಮಹಾವಾದ್ಯ ಮತ್ತು ಕಲಶ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದು. ಅವರಿಗಾಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಎಣಿಸತಕ್ಕದ್ದು. ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರು. ಅವರ ವೆಚ್ಚಕ್ಕೆ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಕೊಡಬೇಕು. ಉಳಿದ ಹಣ ಜೀರ್ಣವಾದ ಜಿನಾಲಯಗಳ ಸುಧಾರಣೆಗೆ. ಈ ವ್ಯವಸ್ಥೆಯನ್ನು ನೋಡಿಕೊಳ್ಳುವ ಹೊಣೆ ತಿರುಮಲೆಯ ತಾತಯ್ಯನದು.

ಈ ತೀರ್ಪನ್ನು ಹೊಗಳುವವರು ಒಂದಂಶವನ್ನು ಮರೆಯುತ್ತಾರೆ. ದೂರು ಕೊಟ್ಟವರೇ ಹಣವನ್ನೂ ತೆರಬೇಕಾಯಿತು. ಯಾರ ಮೇಲೆ ದೂರಿತ್ತೋ ಆ ಪಕ್ಷದವನೇ ಕಾವಲಿನ ಮೇಲ್ವಿಚಾರಕನಾದ. ಅಲ್ಪಸಂಖ್ಯಾತರಾಗಿ ಬಾಳುವುದೆಂದರೇನೆಂದು ಬಲ್ಲ ಗಡಿನಾಡಿನವರಿಗೆ ಈ ಸೂಕ್ಷ್ಮ ಅರ್ಥವಾಗದಿರದು. ಆದರೂ ಬಿಜ್ಜಳನಿಗೂ ಬುಕ್ಕನಿಗೂ ಇರುವ ಅಂತರ ದೊಡ್ಡದು. ಯಾರ ದೈವ ನಿಜವೆಂಬ ವಾದವನ್ನು ಬಿಜ್ಜಳ ತೀರ್ಪಿಗೆತ್ತಿಕೊಂಡ. ಅಬ್ಬಲೂರಿನ ಬಸದಿಗೆ ಮತ್ತೆ ಬಿಂಬ ಬರಲಿಲ್ಲ. ಬುಕ್ಕ ಕೈಗೆತ್ತಿಕೊಂಡುದು ವಾದ್ಯ, ಕಲಶ, ಕಾವಲು, ಹಣದ ಪ್ರಶ್ನೆಗಳನ್ನು. ಭೇದವಿಲ್ಲವೆಂಬ ಅವನ ಮಾತು ತತ್ತ್ವಜ್ಞನ ಮಾತಾಗಿ ನಿಲ್ಲದಿರಬಹುದು, ಆದರೆ ಆ ಮಾತಿನಿಂದ ಬಸದಿಯ ಬಾಗಿಲು ತೆರೆದುಕೊಂಡಿತು.

ಅವನ ಕಾಲದಲ್ಲಿ ಯಾರೂ ತಮ್ಮ ಮತವೇ ನಿಜವೆಂಬ ನಂಬಿಕೆಯನ್ನು ಬಿಟ್ಟುಕೊಟ್ಟುದಕ್ಕೆ ಆ ಶಾಸನದಲ್ಲಿ ಸುಳಿವಿಲ್ಲ. ಬೆಳಗೊಳದ ಭಂಡಾರಿ ಬಸದಿಯಲ್ಲಿ, ಜೈನರ ರಕ್ಷಣೆಗಾಗಿಯೇ ನೆಟ್ಟ ಆ ಕಲ್ಲು ಆರಂಭವಾಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ. ಪಾಷಂಡರೆಂಬ ಕಡಲಿಗೆ ಅವರು ಬಡಬಾಗ್ನಿಯೆಂದು ಅದರ ಮೊದಲ ಶ್ಲೋಕ ಕೊಂಡಾಡುತ್ತದೆ. ಬಸದಿಯವರು ಅದನ್ನು ಅಳಿಸದೆ ಉಳಿಸಿಕೊಂಡಿದ್ದಾರೆ.