ಲಕೋಟೆಯಲ್ಲಿ ಬಂದ ತೆನೆ

ಕೊಡಿಗೇಹಳ್ಳಿಯ ನಮ್ಮ ಮನೆಗೆ ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಮಧ್ಯಭಾಗದಲ್ಲಿ ಊರಿನಿಂದ ಒಂದು ಲಕೋಟೆ ಬರುತ್ತಿತ್ತು. ಅದರೊಳಗೆ ಒಂದು ಹಾಳೆಯ ಪತ್ರ. ಪತ್ರದ ಮಡಿಕೆಯಲ್ಲಿ ಕೆಲವೇ ಭತ್ತದ ಕಾಳುಗಳು. 1994ರಲ್ಲಿ ನಾವು ಉದ್ಯೋಗವನ್ನರಸಿ ಬೆಂಗಳೂರಿಗೆ ಬಂದ ವರ್ಷ ಇದ್ದದ್ದು ಒಂದೇ ಕಾಳು. ವಿವಾಹವಾದ ಮೇಲೆ ಎರಡಾಯಿತು. ಮಗಳು ಹುಟ್ಟಿದಾಗ ಮೂರು, ಮಗ ಹುಟ್ಟಿದಾಗ ನಾಲ್ಕು. ಬಂಟ್ವಾಳದ ಬಳಿಯ ಹಳ್ಳಿಮನೆಯಲ್ಲಿ ಕುಳಿತು ಅಮ್ಮ ನಮ್ಮ ಸಂಸಾರದ ಲೆಕ್ಕವನ್ನು ಹೀಗೆ ಇಟ್ಟುಕೊಂಡಿದ್ದರು.

ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಈ ಕಾಳುಗಳ ಅರ್ಥವನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಓದುಗ ಬಾಂಧವರಿಗಾಗಿ ಎರಡು ಮಾತು. ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಜನ್ಮದಿನ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಅಂದು ತೇರಿನ ಮೆರವಣಿಗೆಯಾದರೆ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೊಂಕಣಿ ಕ್ರೈಸ್ತರಿಗೆ ಅದೇ ದಿನ ಮೊಂತಿ ಫೆಸ್ತ್, ಅಂದರೆ ತೆನೆಹಬ್ಬ. ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ತಟ್ಟೆಗಳಲ್ಲಿ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ಹೊಸ ತೆನೆಗಳು ಮನೆಮನೆಗೆ ಹಂಚಿಕೆಯಾಗುತ್ತವೆ. ಮನೆಯ ಹಿರಿಯರು ಪ್ರಾರ್ಥನೆಯ ಬಳಿಕ ಕಾಳು ಸುಲಿದು, ಪುಡಿಮಾಡಿ, ತೆಂಗಿನ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಪ್ರತಿಯೊಬ್ಬರಿಗೂ ಕೊಡುತ್ತಾರೆ. ಅಂದು ಮೀನು ಮಾಂಸವಿಲ್ಲ; ಬಾಳೆಲೆಯ ಮೇಲೆ ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯ ತರಕಾರಿ ಪದಾರ್ಥಗಳು. ಊಟಕ್ಕೆ ಬರಲಾಗದವರ ಪಾಲನ್ನು ಅಂಚೆಯಲ್ಲಿ ಕಳುಹಿಸುವುದು ಹಳೆಯ ರೂಢಿ. ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಎಷ್ಟೋ ಕಾಳುಗಳು ಹೀಗೆ ಪ್ರಯಾಣ ಮಾಡಿವೆ.

ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ದೇವಾಲಯದಲ್ಲಿ, ಗುರು ಜೋಕಿಂ ಮಿರಾಂಡರು 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಮೊಂತಿ ಎಂಬ ಹೆಸರಿನ ಮೂಲವೂ ಅದೇ. 1784ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಬದುಕುಳಿದವರಲ್ಲಿ ಅನೇಕರು 1799ರ ನಂತರ ಮರಳಿ ಬಂದು ಮತ್ತೆ ಗದ್ದೆ ಉತ್ತರು, ಮತ್ತೆ ತೆನೆ ತಂದರು. ಮನೆಗೆ ಮರಳುವುದೆಂದರೆ ಏನೆಂಬುದನ್ನು ಬಲ್ಲ ಜನರ ಹಬ್ಬವಿದು.

ಅಂಥವರ ಸಂತಾನವಾದ ನಾವು ಮಾತ್ರ ಹಬ್ಬಕ್ಕೆ ಊರಿಗೆ ಹೋಗುವುದನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟೆವು. ಕಾರಣಗಳಿಗೆ ಬರವಿರಲಿಲ್ಲ. ಹಾಸನ–ಮಂಗಳೂರು ರೈಲುಮಾರ್ಗವನ್ನು ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಲಾಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಕಚೇರಿಯ ಕೆಲಸ, ಮಕ್ಕಳ ಶಾಲೆ, ಪರೀಕ್ಷೆ. ಸೆಪ್ಟೆಂಬರ್ ಹೇಗೂ ಮಳೆಗಾಲ; ಶಿರಾಡಿ ಘಾಟಿಯ ರಸ್ತೆಯ ಪಾಡು ಎಲ್ಲರಿಗೂ ತಿಳಿದದ್ದೇ. ಕ್ರಿಸ್ಮಸ್ಸಿಗೆ ಹೋದರಾಯಿತು ಎನ್ನುತ್ತಿದ್ದೆವು. ಕ್ರಿಸ್ಮಸ್ ಬಂದಾಗ ಬೇಸಿಗೆ ರಜೆಗೆ ಎನ್ನುತ್ತಿದ್ದೆವು. ಲಕೋಟೆಯಂತೂ ತಪ್ಪದೆ ಬರುತ್ತಿತ್ತು. ಕಾಳುಗಳನ್ನು ಪಾಯಸಕ್ಕೆ ಹಾಕಿ, ದೂರವಾಣಿಯಲ್ಲಿ ಅಮ್ಮನಿಗೆ ತಿಳಿಸಿ, ನಮ್ಮ ಕರ್ತವ್ಯ ಮುಗಿಯಿತೆಂದು ನಂಬಿದ್ದೆವು.

2023ರ ಲಕೋಟೆ ತಡವಾಗಿ ಬಂತು. ವಿಳಾಸ ಅಣ್ಣನ ಮಗನ ಕೈಬರಹದಲ್ಲಿತ್ತು. ಪತ್ರವಿರಲಿಲ್ಲ. ಮಡಿಸಿದ ಖಾಲಿ ಹಾಳೆಯಲ್ಲಿ ಎರಡೇ ಕಾಳುಗಳಿದ್ದವು.

ದಾರಿಯಲ್ಲಿ ಉದುರಿಹೋಗಿರಬಹುದೆಂದು ಮನೆಯವರು ಅಂದರು. ಲಕೋಟೆಯನ್ನು ಕೊಡವಿ ನೋಡಿದೆವು. ರಾತ್ರಿ ಅಣ್ಣನಿಗೆ ಕರೆ ಮಾಡಿದಾಗ ಅವರು ಕೆಲಹೊತ್ತು ಸುಮ್ಮನಿದ್ದು, ‘ಅಮ್ಮನೇ ಎಣಿಸಿ ಕೊಟ್ಟದ್ದು. ನಿನಗೆ ಮದುವೆಯಾದದ್ದು ಅವರಿಗೆ ನೆನಪಿದೆ. ಮಕ್ಕಳು ಒಮ್ಮೊಮ್ಮೆ ಮರೆತುಹೋಗುತ್ತಾರೆ’ ಎಂದರು.

ಮರುವರ್ಷ, 2024ರಲ್ಲಿ, ಗಣೇಶ ಚತುರ್ಥಿ ಸೆಪ್ಟೆಂಬರ್ 7ರ ಶನಿವಾರ ಬಂತು. ಮರುದಿನ ಭಾನುವಾರವೇ ಮೊಂತಿ ಫೆಸ್ತ್. ಇನ್ನು ನೆಪ ಉಳಿಯಲಿಲ್ಲ. ಆಗ ರೈಲಿನ ಟಿಕೇಟನ್ನು 120 ದಿನ ಮೊದಲೇ ಕಾಯ್ದಿರಿಸಬಹುದಾಗಿತ್ತು. ಮೇ ತಿಂಗಳಲ್ಲೇ ನಾಲ್ಕು ಸ್ಥಾನಗಳನ್ನು ಪಡೆದೆವು. ಆದರೆ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಭೂಕುಸಿತವಾಗಿ ರೈಲುಗಳು ನಿಂತವು. ಆಗಸ್ಟ್‌ನಲ್ಲಿ ಸಕಲೇಶಪುರದ ಬಳಿ ಮತ್ತೆ ಗುಡ್ಡ ಜರಿಯಿತು. ಹಿಂದಿನ ವರ್ಷಗಳಾಗಿದ್ದರೆ ಪ್ರಯಾಣವನ್ನು ಕೈಬಿಡಲು ಇಷ್ಟು ಸುದ್ದಿ ನಮಗೆ ಸಾಕಾಗುತ್ತಿತ್ತು. ಆ ಸಲ ದಿನವೂ ಪತ್ರಿಕೆ ನೋಡುತ್ತ ಕಾದೆವು. ಮಾರ್ಗ ತೆರೆಯಿತು. ಸೆಪ್ಟೆಂಬರ್ 6ರ ಮುಂಜಾನೆ ಕೊಡಿಗೇಹಳ್ಳಿಯಿಂದ ಆಟೋದಲ್ಲಿ ಯಶವಂತಪುರಕ್ಕೆ ಹೋಗಿ ಕಾರವಾರದ ರೈಲು ಹತ್ತಿದೆವು. ಸಕಲೇಶಪುರ ದಾಟಿದ ಮೇಲೆ ಘಟ್ಟದಲ್ಲಿ 57 ಸುರಂಗಗಳು. ಮಗ ಒಂದೊಂದನ್ನೇ ಎಣಿಸುತ್ತ ಬಂದ. ಸುಬ್ರಹ್ಮಣ್ಯ ರೋಡ್ ತಲುಪಿದಾಗ ಲೆಕ್ಕದಲ್ಲಿ ಎರಡು ಕಡಿಮೆಯಾಗಿದ್ದವು.

ಶನಿವಾರ ನೆರೆಮನೆಯಿಂದ ಚೌತಿಯ ಕಡುಬು ಬಂತು. ಭಾನುವಾರ ಬಲಿಪೂಜೆಯ ನಂತರ ಅಣ್ಣ ತೆನೆಯನ್ನು ಮನೆಗೆ ತಂದರು. ನಮ್ಮ ಗದ್ದೆ ಅಡಿಕೆ ತೋಟವಾಗಿ ವರ್ಷಗಳಾಗಿವೆ. ತೆನೆ ಬೇರೆ ಯಾರದೋ ಬೆಳೆ. ಅಮ್ಮ ಮೊರ ಮುಂದಿಟ್ಟುಕೊಂಡು ಕಾಳು ಸುಲಿಯಲು ಕುಳಿತರು. ನಮ್ಮ ಮಗನನ್ನು ನೋಡಿ, ‘ಇವನು ಯಾರ ಮಗ?’ ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಮಗಳು, ‘ನಿಮ್ಮ ಮೊಮ್ಮಗ, ಅಜ್ಜಿ. ನಾನು ಅವನ ಅಕ್ಕ’ ಎಂದಳು. ಅಮ್ಮ ಇಬ್ಬರ ಮುಖಗಳನ್ನೂ ಬಹಳ ಹೊತ್ತು ನೋಡಿದರು. ಅನಂತರ ತೆನೆಯಿಂದ ಇನ್ನೆರಡು ಕಾಳು ಬಿಡಿಸಿ ಮೊರಕ್ಕೆ ಹಾಕಿದರು. ‘ಈ ವರ್ಷ ಲಕೋಟೆಯ ಖರ್ಚು ಉಳಿಯಿತು’ ಎಂದು ನಕ್ಕರು.

ಅಂದು ನಮಗೆ ಒಂದು ವ್ಯತ್ಯಾಸ ತಿಳಿಯಿತು. ಲಕೋಟೆಯು ಬರಲಾಗದವರಿಗಾಗಿ ನಮ್ಮ ಹಿರಿಯರು ಮಾಡಿದ ಏರ್ಪಾಡು, ಬಾರದವರಿಗಾಗಿ ಅಲ್ಲ. ಕೊಲ್ಲಿಯಲ್ಲಿ ದುಡಿಯುವ ಮಗನಿಗೂ ಆಸ್ಪತ್ರೆಯ ಪಾಳಿಯಲ್ಲಿರುವ ದಾದಿಗೂ ಆ ಕಾಳು ಸಲ್ಲಬೇಕು. ಸುಮಾರು 350 ಕಿಲೋಮೀಟರ್ ದೂರದಲ್ಲಿ, ಕೈಯಲ್ಲಿ ರಜೆ ಇಟ್ಟುಕೊಂಡು ಕುಳಿತಿದ್ದ ನಮಗೆ ಅದು ಸಲ್ಲುತ್ತಿತ್ತೇ?

2025ರಲ್ಲಿ ಹಬ್ಬ ಸೋಮವಾರ ಬಂತು. ಘಟ್ಟದ ವಿದ್ಯುದೀಕರಣ ಕಾಮಗಾರಿಗಾಗಿ ಹಗಲಿನ ರೈಲುಗಳು ರದ್ದಾಗಿದ್ದವು. ಒಂದು ದಿನದ ರಜೆ ಹಾಕಿ ಬಸ್ಸಿನಲ್ಲಿ ಹೋದೆವು. ಅಮ್ಮ ಅದೇ ಪ್ರಶ್ನೆ ಕೇಳಿದರು. ಮಕ್ಕಳು ಅದೇ ಉತ್ತರ ಹೇಳಿದರು.

ಕೊಡಿಗೇಹಳ್ಳಿಯಂಥ ಬಡಾವಣೆಗಳಲ್ಲಿ ನೆಲೆಸಿರುವ ನಾವೆಲ್ಲರೂ ಎಲ್ಲಿಂದಲೋ ಬಂದವರೇ. ಕೆಲವರ ಊರು ಕರಾವಳಿ, ಕೆಲವರದು ಹಾಸನ, ಕೋಲಾರ, ಕನಕಪುರ. ಹಬ್ಬಕ್ಕೆ ವಾರಾಂತ್ಯದ ರಜೆ ಕೂಡಿಬರುವ ದಿನಗಳನ್ನು ಹೊಸ ದಿನದರ್ಶಿ ಕೈಗೆ ಬಂದ ಕೂಡಲೇ ಗುರುತಿಸಿಡೋಣ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 60 ದಿನಗಳಿಗೆ ಇಳಿದಿದೆ ಎಂಬುದೂ ನೆನಪಿರಲಿ. ನಿಜಕ್ಕೂ ಹೋಗಲಾಗದ ನೆರೆಯವರಿದ್ದರೆ ಅವರಿಗೂ ನಮ್ಮ ಮನೆಯಲ್ಲಿ ಒಂದು ಎಲೆ ಹಾಕೋಣ. ಹೋಗಬಲ್ಲವರು ಹೋಗಿಬರೋಣ, ಊರಿನಲ್ಲಿ ನಮ್ಮನ್ನು ಎಣಿಸುವವರು ಇರುವಾಗಲೇ.